ಒಣಗದ ಆರನೆಯ ಮೀನು

ಪೇಂಟರಿಗೂ ನೀರಿಗೂ ಅಷ್ಟಕ್ಕಷ್ಟೇ. ಸ್ನಾನಕ್ಕೆ ಕೂತರೆ ತಲೆಯ ಮೇಲೆ ಮೊದಲ ಚೊಂಬು ಸುರಿದುಕೊಳ್ಳುವ ಮುಂಚೆ ದೀರ್ಘವಾಗಿ ಉಸಿರೆಳೆದುಕೊಂಡು, ಇನ್ನು ಮನೆಯವರನ್ನು ನೋಡುತ್ತೇನೋ ಇಲ್ಲವೋ ಎಂಬಂತೆ ಕಣ್ಣು ಮುಚ್ಚುತ್ತಿದ್ದ. ಮಳೆ ಬಂದರೆ ಕೊಡೆಯ ಕೆಳಗೆ ಟೋಪಿಯನ್ನೂ ಹಾಕಿಕೊಳ್ಳುತ್ತಿದ್ದ. ಸಮುದ್ರವನ್ನಂತೂ ಅವನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವನಲ್ಲ. ಇಂಥ ಮನುಷ್ಯ ಸಮುದ್ರದ ತಳಕ್ಕಿಳಿದು, ಅಲ್ಲಿ ಕೂತಿದ್ದ ಮೀನುಗಳನ್ನು ಕಣ್ಣಾರೆ ನೋಡಿ ಬಂದ ಧೀರನೆಂದು ಊರಿಗೆಲ್ಲ ಹೆಸರಾದದ್ದು ಹೇಗೆಂಬುದೇ ಈ ಕಥೆ. ಇದರಲ್ಲಿ ನಗುವಂಥದ್ದು ಬೇಕಾದಷ್ಟಿದೆ. ಎಲ್ಲರಿಗಿಂತ ಮೊದಲು, ಮನಸಾರೆ ನಕ್ಕವಳು ಅವನ ಹೆಂಡತಿ. ಅವಳು ಈಗ ಇಲ್ಲ.

ಪೇಂಟರು ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಬೋರ್ಡುಗಳೆಲ್ಲ ಯಂತ್ರದಲ್ಲಿ ಅಚ್ಚಾಗಿ ಬರತೊಡಗಿದ ಮೇಲೆ ಹೇಗೋ ಮೀನಿನ ಮ್ಯೂಸಿಯಮ್ಮಿನಲ್ಲಿ ನೌಕರಿ ಸಿಕ್ಕಿತು. ‘ಮುಟ್ಟಬೇಡಿ’, ‘ಸದ್ದು ಮಾಡಬೇಡಿ’, ‘ಗಾಜಿಗೆ ಒರಗಬೇಡಿ’ ಎಂದು ಬರೆಯುವುದು ಅಲ್ಲಿ ಅವನ ಕೆಲಸ. ಬೇಡಿ ಎನ್ನಬಹುದಾದದ್ದೆಲ್ಲ ಬರೆದು ಮುಗಿದು, ಇನ್ನು ಇವನೇ ಬೇಡ ಎನ್ನುವ ಹಂತ ಬಂದಾಗ ಮ್ಯೂಸಿಯಮ್ಮಿನ ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ಗಾಜಿನ ಭರಣಿಗಳ ಔಷಧಿ ನೀರಿನಲ್ಲಿ ಕೂತು ಕೂತು ಮೀನುಗಳೆಲ್ಲ ಹಳೆಯ ಸಾಬೂನಿನ ಬಣ್ಣಕ್ಕೆ ತಿರುಗಿದ್ದವು. ನೋಡಲು ಬಂದವರು ಆಕಳಿಸಿ ಹೋಗುತ್ತಿದ್ದರು. ಅವುಗಳದೇ ಅಚ್ಚು ತೆಗೆಸಿ, ಪ್ಲಾಸ್ಟರಿನಲ್ಲಿ ಎರಕ ಹೊಯ್ಯಿಸಿ, ಬಣ್ಣ ಬಳಿಸಿ ಇಟ್ಟರೆ ಜನ ಒಂದು ಗಳಿಗೆ ನಿಂತಾರು ಎಂದು ಸಾಹೇಬರು ಲೆಕ್ಕ ಹಾಕಿದರು. ಮೊದಲ ಪ್ರಯೋಗಕ್ಕೆ ಅವರು ಆರಿಸಿದ್ದು ಕಪ್ಪೆಮೀನಿನ ಕುಲವನ್ನು.

ಕಪ್ಪೆಮೀನು ಈಜುವುದಕ್ಕಿಂತ ಹೆಚ್ಚಾಗಿ ಕೂರುವ ಮೀನು. ಕೈಯಂಥ ರೆಕ್ಕೆಗಳನ್ನು ಊರಿಕೊಂಡು ಸಮುದ್ರದ ತಳದಲ್ಲಿ ಕೂತೇ ಇರುತ್ತದೆ. ತೀರಾ ಬೇಕೆನಿಸಿದರೆ ನಾಲ್ಕು ಹೆಜ್ಜೆ ನಡೆಯುತ್ತದೆ. ನೆತ್ತಿಯ ಮೇಲೆ ಗಾಳದಂಥ ಒಂದು ಕಡ್ಡಿ. ಬಾಯಿಯ ಎರಡು ಮೂಲೆಗಳೂ ಕೆಳಗೆ ಜೋತುಬಿದ್ದು, ಕರೆದ ಮನೆಯಲ್ಲಿ ಊಟಕ್ಕೆ ಏಳಿ ಅನ್ನಿಸಿಕೊಳ್ಳದೆ ಕೂತ ನೆಂಟನ ಮುಖ. ಕುಲ ಒಂದೇ, ಮ್ಯೂಸಿಯಮ್ಮಿನಲ್ಲಿದ್ದ ಪ್ರಭೇದಗಳು ಆರು: ದೈತ್ಯ, ಗಂಟು, ಪಟ್ಟೆ, ರೋಮ, ಚುಕ್ಕೆ, ಕಡೆಯದಾಗಿ ಅಂಗೈಯಲ್ಲಿ ಅಡಗುವ ಕುಬ್ಜ.

“ಆರಕ್ಕೂ ಬೇರೆ ಬೇರೆ ಬಣ್ಣ ಇರಬೇಕು,” ಎಂದರು ಸಾಹೇಬರು. “ಇಲ್ಲಾಂದ್ರೆ ಒಂದೇ ಮೀನನ್ನ ಆರು ಸಲ ಇಟ್ಟಿದ್ದಾರೆ ಅಂತಾರೆ ಜನ.”

“ಯಾವುದಕ್ಕೆ ಯಾವ ಬಣ್ಣ ಸಾರ್?”

“ಅದನ್ನ ನನ್ನ ಕೇಳ್ತೀಯೇನಯ್ಯಾ? ಪೇಂಟರ್ ನೀನೋ ನಾನೋ?”

ಪೇಂಟರು ಭರಣಿಗಳ ಮುಂದೆ ಇಡೀ ದಿನ ಕೂತ. ಮೀನುಗಳು ಅವನನ್ನು ನೋಡಿದವು, ಅವನು ಮೀನುಗಳನ್ನು ನೋಡಿದ, ಯಾರಿಗೂ ಏನೂ ಹೊಳೆಯಲಿಲ್ಲ. ಸಂಜೆ ಅವನು ಎಂದೂ ಮಾಡದ ಒಂದು ಕೆಲಸ ಮಾಡಿದ. ಪ್ರದರ್ಶನದ ವಸ್ತು ಗೇಟು ದಾಟಬಾರದೆಂಬ ಬೋರ್ಡನ್ನು ಸ್ವತಃ ಬರೆದವನೇ ದೈತ್ಯ ಕಪ್ಪೆಮೀನಿನ ಪ್ಲಾಸ್ಟರನ್ನು ತರಕಾರಿ ಚೀಲದಲ್ಲಿಟ್ಟು, ಮೇಲೆ ಸೊಪ್ಪಿನ ಕಟ್ಟು ಹೊದಿಸಿ, ಕಾವಲುಗಾರನಿಗೆ ನಮಸ್ಕಾರ ಹೊಡೆದು ಮನೆಗೆ ತಂದ.

ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಳು. ಆ ಬೀದಿಯ ಅರ್ಧ ಜನ ತೊಡುತ್ತಿದ್ದದ್ದು ಅವಳು ಹೊಲಿದ ಬಟ್ಟೆಯನ್ನೇ. ಹೊಲಿಗೆ ಯಂತ್ರ ತುಳಿಯುವ ಶಕ್ತಿ ಕಾಲಿಗೆ ಇಲ್ಲವಾದ ಮೇಲೆ ಅದರ ಮೇಲೆ ಒಂದು ಬೆಡ್‌ಶೀಟು ಮುಚ್ಚಿಸಿ, ದಾರದ ರೀಲುಗಳ ಡಬ್ಬಿಯನ್ನು ಮಾತ್ರ ತಲೆದಿಂಬಿನ ಪಕ್ಕ ಇಟ್ಟುಕೊಂಡಿದ್ದಳು. ಗಂಡ ಚೀಲದಿಂದ ಮೀನು ತೆಗೆದು ಹೊದಿಕೆಯ ಮೇಲೆ ಕೂರಿಸಿದ. ಅವಳು ಅದನ್ನೇ ದಿಟ್ಟಿಸಿದಳು. ಆಮೇಲೆ ನಗತೊಡಗಿದಳು. ನಕ್ಕು ನಕ್ಕು ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಕ್ಕಳು.

“ರೀ, ಇದು ನನ್ನ ತಮ್ಮ ಅಲ್ವೇನ್ರೀ? ಬಾಯಿ ನೋಡಿ, ಮುಚ್ಚಿದ್ರೂ ಬಡಾಯಿ ಕೊಚ್ಚೋ ಹಾಗಿದೆ! ಇವನಿಗೆ ಕೆಂಪು ಬಳೀರಿ, ಕಡುಗೆಂಪು. ಎಲ್ಲರೂ ತನ್ನನ್ನೇ ನೋಡ್ಬೇಕು ಅವನಿಗೆ.” ಎಂದು ಡಬ್ಬಿಯಿಂದ ಒಂದು ರೀಲು ಹುಡುಕಿ ಮೀನಿನ ಬೆನ್ನ ಮೇಲಿಟ್ಟಳು.

ಪೇಂಟರಿಗೆ ಬಣ್ಣ ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಎಷ್ಟೋ ದಿನದಿಂದ ಕೇಳದಿದ್ದ ನಗು ಸಿಕ್ಕಿತು. ಅಲ್ಲಿಂದ ಮುಂದೆ ಚೀಲದಲ್ಲಿ ಸೊಪ್ಪಿನ ಕೆಳಗೆ ಒಂದೊಂದೇ ಮೀನು ಬಂತು. ಗಂಟು ಕಪ್ಪೆಮೀನು ಅವಳ ಅಮ್ಮನಾಯಿತು. “ಅಮ್ಮನಿಗೆ ಹಳದಿ. ಹುಟ್ಟಿದಾಗಿಂದ ಮುಖ ಗಂಟು ಹಾಕ್ಕೊಂಡೇ ಇದಾಳೆ, ಈಗಲಾದ್ರೂ ಸ್ವಲ್ಪ ಬೆಳಕು ಬೀಳಲಿ.” ಮೈತುಂಬ ಗೆರೆಗಳಿದ್ದ ಪಟ್ಟೆ ಮೀನು ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರಾಯಿತು, ಅದಕ್ಕೆ ನೀಲಿ. ಎಳೆ ಎಳೆಯಾಗಿ ಕೂದಲು ಹೊತ್ತ ರೋಮ ಮೀನಿಗೆ ನೇರಳೆ. ಅದು ಸಾಹೇಬರು; ಅವರನ್ನು ಅವಳು ನೋಡಿರಲಿಲ್ಲ, ಅವರ ಕಿವಿಯ ಕೂದಲಿನ ವರ್ಣನೆಯನ್ನು ಗಂಡನ ಬಾಯಲ್ಲಿ ಕೇಳಿದ್ದಳು, ಅಷ್ಟೇ. ಚುಕ್ಕೆ ಮೀನು ಯಾರೆಂದು ಹೇಳಲೇ ಇಲ್ಲ. ಗಂಡನ ಅಂಗಿಯ ಮೇಲಿನ ಬಣ್ಣದ ಸಿಡಿತಗಳನ್ನು ನೋಡಿ, ಹಸಿರು ರೀಲು ತೆಗೆದು ಅವನ ಕೈಯಲ್ಲಿಟ್ಟಳು.

ಕಡೆಗೆ ಉಳಿದದ್ದು ಕುಬ್ಜ. ಅದನ್ನು ಅಂಗೈಯಲ್ಲಿಟ್ಟುಕೊಂಡು, “ಇದು ನಾನು,” ಎಂದಳು. “ನನ್ನದು ನಾಳೆ ನೋಡೋಣ ರೀ. ಇವತ್ತು ಸುಸ್ತು.”

ಮಾರನೆಯ ದಿನ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವಳು ವಾಪಸು ಬರಲಿಲ್ಲ.

ಪೇಂಟರು ಕೆಲಸಕ್ಕೆ ಮರಳಿದ ಮೇಲೆ ಐದು ಮೀನುಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತವು. ಆರನೆಯದನ್ನು ಅವನು ಕಪಾಟಿನ ಮೂಲೆಯಲ್ಲಿಟ್ಟು ಮೇಲೆ ಒಂದು ಬಟ್ಟೆ ಹೊದಿಸಿದ. “ಏನಯ್ಯಾ ಇದು?” ಎಂದು ಸಾಹೇಬರು ಕೇಳಿದರೆ, “ಇನ್ನೂ ಒಣಗಿಲ್ಲ ಸಾರ್,” ಎಂದ. ಬಳಿಯದ ಬಣ್ಣ ಒಣಗುವುದಾದರೂ ಎಲ್ಲಿಂದ? ವಾರಗಳು ಕಳೆದವು. ಬೇಸಿಗೆ ಬಂದು ಬೀದಿಯ ಟಾರು ಕರಗಿತು. ಮೀನು ಮಾತ್ರ ಒಣಗಲಿಲ್ಲ.

ಹೀಗಿರುವಾಗ ಹೊಸ ಕಪಾಟಿನ ಉದ್ಘಾಟನೆಗೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಅವರು ಎಲ್ಲಿಗೆ ಹೋದರೂ ಒಂದು ಪ್ರಶ್ನೆ ಕೇಳಿಯೇ ತೀರುವ ಜಾತಿ. ಬಣ್ಣಗಳನ್ನು ನೋಡಿ ಹುಬ್ಬೇರಿಸಿ, “ಭರಣೀಲಿರೋವು ಬೂದಿ ಬಣ್ಣ. ಇವು ಹಿಂಗಿವೆ. ಈ ಬಣ್ಣ ಅಂತ ಹೇಗೆ ಗೊತ್ತಾಯ್ತು?” ಎಂದರು.

ಸಾಹೇಬರು ಪೇಂಟರನ್ನು ನೋಡಿದರು. ಪೇಂಟರು ಮೀನುಗಳನ್ನು ನೋಡಿದ. ಹೆಂಡತಿಯ ದಾರದ ಡಬ್ಬಿಯಿಂದ ಬಂತು ಎಂದರೆ ಮೀನು ಗೇಟು ದಾಟಿದ್ದು ಹೊರಬೀಳುತ್ತದೆ. ತನ್ನ ನೌಕರಿ ಹೋದರೂ ಹೋಗಲಿ. ಐದಕ್ಕೂ ಬೇರೆ ಬಣ್ಣ ಬಳಿ ಎಂದುಬಿಟ್ಟರೆ? ಅವಳ ನಗುವಿನಲ್ಲಿ ಇನ್ನು ಉಳಿದಿದ್ದದ್ದು ಈ ಐದು ಮೀನು ಮಾತ್ರ. ಅವನು ಬಾಯಿಗೆ ಬಂದದ್ದು ಹೇಳಿದ.

“ನಾನೇ ನೋಡಿದೀನಿ ಸ್ವಾಮಿ.”

“ಎಲ್ಲಿ?”

“ನೀರಲ್ಲಿ.”

“ಅಂದ್ರೆ, ಒಳಗೆ ಇಳಿದು?”

“ಕೂತಲ್ಲೇ ಕೂತಿದ್ವು ಸ್ವಾಮಿ,” ಎಂದ ಪೇಂಟರು. ಇಷ್ಟಾದರೂ ನಿಜವಿರಲಿ ಎಂದು ಅವನ ಉದ್ದೇಶ.

ಅಧಿಕಾರಿ ಅವನ ಬೆನ್ನು ತಟ್ಟಿದರು. ಪತ್ರಿಕೆಯವನು ಫೋಟೋ ಹೊಡೆದ. ಮಾರನೆಯ ದಿನ ‘ಕಡಲ ತಳ ಕಂಡ ಕಲಾವಿದ’ ಎಂಬ ತಲೆಬರಹದ ಕೆಳಗೆ ಕಣ್ಣು ಪಿಳಿಪಿಳಿ ಬಿಡುವ ಪೇಂಟರ ಮುಖ ಅಚ್ಚಾಯಿತು. ಹಿಂದೆ ಕೂತಿದ್ದ ರೋಮ ಮೀನೇ ಅವನಿಗಿಂತ ಹೆಚ್ಚು ಧೈರ್ಯವಂತನಂತೆ ಕಾಣುತ್ತಿತ್ತು.

ಸುದ್ದಿ ಬಂದ ಸಂಜೆಯೇ ಬಾಮೈದ ಓಡಿ ಬಂದ. “ಭಾವ, ನನಗೊಂದು ಮಾತು ಹೇಳಬಾರ್ದಿತ್ತಾ? ಇವತ್ತು ಆಫೀಸಲ್ಲಿ ಎಲ್ಲರೂ ಕೇಳಿದ್ರು, ಎಷ್ಟು ಆಳಕ್ಕೆ ಇಳೀತಾರೆ ಅಂತ. ನಾನು ಏನೋ ಒಂದು ಹೇಳಿದೀನಿ. ಯಾರಾದ್ರೂ ಕೇಳಿದ್ರೆ ನೀವೂ ಅಷ್ಟೇ ಹೇಳಿ.”

“ಎಷ್ಟು ಹೇಳಿದೆ?”

“ಜಾಸ್ತಿ ಏನಿಲ್ಲ. ಬೆಳಕು ಹೋಗದಷ್ಟು.”

“ಬೆಳಕೇ ಇಲ್ಲದಿದ್ರೆ ಬಣ್ಣ ಹೆಂಗೆ ಕಂಡ್ತು ಅಂತ ಕೇಳಿದ್ರೆ?”

“ಭಾವ, ಅನುಭವ ಇರೋರು ನೀವು. ಅದನ್ನ ನೀವೇ ನೋಡ್ಕೊಳ್ಳಿ,” ಎಂದು ಬಾಮೈದ ಅದೇ ವೇಗದಲ್ಲಿ ಹೊರಟುಹೋದ.

ಕೀರ್ತಿಯ ತೊಂದರೆಯೆಂದರೆ ಅದು ಮನೆಬಾಗಿಲಲ್ಲಿ ನಿಲ್ಲುವುದಿಲ್ಲ, ಒಳಗೆ ಬಂದು ಕೆಲಸ ಹೇಳುತ್ತದೆ. ಒಂದು ಬೆಳಿಗ್ಗೆ ಬೀದಿಯ ನಲ್ಲಿಗಳೆಲ್ಲ ಒಮ್ಮೆಲೇ ನಿಂತವು. ದೊಡ್ಡ ಟ್ಯಾಂಕಿನ ತಳದಲ್ಲಿ ಏನೋ ಸಿಕ್ಕಿಕೊಂಡು ಕೊಳವೆ ಕಟ್ಟಿದೆ ಎಂದು ನೀರಿನ ಇಲಾಖೆಯವನು ಬಂದ. ಕೈಯಲ್ಲಿ ಹಗ್ಗವಿತ್ತು. ಅವನು ಟ್ಯಾಂಕಿನ ಕಡೆ ಹೋಗದೆ ನೇರವಾಗಿ ಪೇಂಟರ ಮನೆಗೆ ಬಂದ. ಹಿಂದೆ ಇಡೀ ಬೀದಿ ಖಾಲಿ ಬಿಂದಿಗೆ ಹಿಡಿದು ಬಂತು.

“ನೀವಿರೋವಾಗ ನಾವು ಹೊರಗಿನವರನ್ನ ಕರೆಸಿದ್ರೆ ಬೀದಿಗೇ ಅವಮಾನ,” ಎಂದ ಇಲಾಖೆಯವನು, ಪೇಂಟರ ಸೊಂಟಕ್ಕೆ ಹಗ್ಗದ ಅಳತೆ ತೆಗೆದುಕೊಳ್ಳುತ್ತ.

ಪೇಂಟರು ಏಣಿ ಹತ್ತಿದ. ಹತ್ತದೆ ಬೇರೆ ದಾರಿ ಇರಲಿಲ್ಲ, ಕೆಳಗೆ ಎಲ್ಲ ಮೆಟ್ಟಿಲಿನಲ್ಲೂ ಜನ. ಟ್ಯಾಂಕಿನ ಬಾಯಲ್ಲಿ ಇಣುಕಿದ. ಕಪ್ಪಗೆ ತಣ್ಣಗೆ ನೀರು. ಅದರಲ್ಲಿ ಅವನದೇ ಮುಖ, ಬಾಯಿಯ ಎರಡು ಮೂಲೆಗಳೂ ಜೋತುಬಿದ್ದು.

“ಆಗಲ್ಲ,” ಎಂದ. “ಇದು ಸಿಹಿನೀರು. ನಾನು ಇಳಿಯೋದು ಉಪ್ಪುನೀರಿಗೆ ಮಾತ್ರ. ಸಿಹಿನೀರಲ್ಲಿ ನಂಗೆ ಕಣ್ಣು ಕಾಣ್ಸಲ್ಲ.”

ಕೆಳಗೆ ಗುಜುಗುಜು ಎದ್ದಿತು. ಇಷ್ಟಕ್ಕೆ ಮುಗಿಯಿತು ಎಂದು ಪೇಂಟರು ಒಂದು ಮೆಟ್ಟಿಲು ಇಳಿದಿದ್ದ. ಆಗ ಪಕ್ಕದ ಮನೆಯ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಉಪ್ಪೇ ಸಮಸ್ಯೆಯಾದರೆ ಅದೊಂದು ಸಮಸ್ಯೆಯೇ ಅಲ್ಲ. ಟ್ಯಾಂಕಿನ ಸುತ್ತಳತೆ ಗೊತ್ತು, ಎತ್ತರ ಗೊತ್ತು. ಸಮುದ್ರದಷ್ಟು ಉಪ್ಪಾಗೋಕೆ ಎಷ್ಟು ಚೀಲ ಬೇಕು ಅಂತ ಈಗ ಹೇಳ್ತೀನಿ,” ಎಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಭಾಗಾಕಾರ ಶುರುಮಾಡಿದರು. ಉತ್ತರ ಬರುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಜನ ಮನೆಗೆ ಓಡಿ ಉಪ್ಪಿನ ಡಬ್ಬಿ, ಪೊಟ್ಟಣ, ಜಾಡಿ, ಸಿಕ್ಕಿದ್ದು ತಂದರು. ಅಷ್ಟೂ ಉಪ್ಪನ್ನು ಏಣಿಯ ಬುಡದಲ್ಲಿ ಗುಡ್ಡೆ ಹಾಕಿದ್ದಾಯಿತು. ಆಮೇಲೆ ಇಲಾಖೆಯವನಿಗೆ ಇದು ಕುಡಿಯುವ ನೀರು ಎಂಬುದು ನೆನಪಾಗಿ, “ಯಾರ್ರೀ ಅದು ಉಪ್ಪು ಹಾಕೋರು? ಒಳಗೆ ಹಾಕ್ತೀನಿ!” ಎಂದು ಕೂಗಾಡಿದ.

ಕೊನೆಗೆ ಅವನೇ ಒಂದು ಉದ್ದನೆಯ ಕೊಕ್ಕೆ ಇಳಿಬಿಟ್ಟು ಯಾರದೋ ಹಳೆಯ ಚಾಪೆಯನ್ನು ಎಳೆದು ತೆಗೆದ. ನೀರು ಬಂತು. ಉಪ್ಪು ಮಾತ್ರ ಯಾರದೆಷ್ಟು ಎಂದು ತಿಳಿಯದೆ ಮಧ್ಯಾಹ್ನದವರೆಗೂ ಜಗಳ ನಡೆಯಿತು. ಪೇಂಟರಿಗೆ ಇಳಿದು ಬಂದ ಮೇಲೆ ಜ್ವರ ಬಂತು. ಅಂಥ ದಿನ ಹೆಂಡತಿ ಇದ್ದಿದ್ದರೆ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಒದ್ದೆ ಬಟ್ಟೆಯನ್ನು ತಾನೇ ಹಾಕಿಕೊಂಡು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಜ್ವರ ಬಿಡುವಷ್ಟರಲ್ಲಿ ನಿಜವಾದ ಗಂಡಾಂತರ ಬಂತು. ಪತ್ರಿಕೆ ಓದಿ ಒಬ್ಬ ಮೀನು ತಜ್ಞೆ ಬರುತ್ತಿದ್ದರು. ಕಪ್ಪೆಮೀನಿನ ಹಿಂದೆಯೇ ಬದುಕು ಸವೆಸಿದವರಂತೆ. ಸಮುದ್ರಕ್ಕೆ ಇಳಿದು ಇಳಿದು ಕೂದಲೆಲ್ಲ ಒರಟಾಗಿತ್ತು. ಆರೂ ಪ್ರಭೇದಗಳನ್ನು ಜೀವಂತ ನೋಡಿದ ಇನ್ನೊಬ್ಬ ಮನುಷ್ಯನಿದ್ದಾನೆಂದು ಕೇಳಿ, ಪಾಪ, ಆಸೆಯಿಂದ ಬಂದಿದ್ದರು. ಅಂದು ಸಾಹೇಬರು ಹೊಸ ಕೋಟು ಹಾಕಿದ್ದರು. ಬಾಮೈದ ರಜೆ ಹಾಕಿ ಅಮ್ಮನನ್ನೂ ಕರೆತಂದಿದ್ದ. “ನನ್ನ ಅಳಿಯಂದಿರು ಇಷ್ಟು ದೊಡ್ಡವರಾಗ್ತಾರೆ ಅಂತ ಗೊತ್ತಿದ್ರೆ ಮದುವೇಲಿ ಇನ್ನೊಂಚೂರು ಮರ್ಯಾದೆ ಮಾಡ್ತಿದ್ದೆ,” ಎನ್ನುತ್ತ ಅತ್ತೆ ಬಂದರು. ಲೆಕ್ಕಕ್ಕೆ ಯಾರಾದರೂ ಬೇಕಾದೀತು ಎಂದು ಮೇಷ್ಟ್ರೂ ಬಂದರು.

ತಜ್ಞೆ ಕಪಾಟಿನ ಮುಂದೆ ತುಂಬ ಹೊತ್ತು ನಿಂತರು. “ಈ ಹಳದಿಯದನ್ನ ಎಷ್ಟು ಆಳದಲ್ಲಿ ನೋಡಿದ್ರಿ?” ಎಂದು ಮೆಲ್ಲಗೆ ಕೇಳಿದರು.

“ಬೆಳಕು ಹೋಗದಷ್ಟು!” ಎಂದ ಬಾಮೈದ.

“ನಿಮ್ಮನ್ನ ಕೇಳಲಿಲ್ಲ. ಇವರನ್ನ ಕೇಳ್ದೆ. ಬಂಡೆ ಮೇಲಿತ್ತಾ, ಮರಳಿನ ಮೇಲಿತ್ತಾ?”

“ಹೊದಿಕೆ ಮೇಲೆ,” ಎಂಬ ಮಾತು ಪೇಂಟರ ಬಾಯಿಂದ ಜಾರಿತು. ಅವನು ತುಟಿ ಕಚ್ಚಿಕೊಂಡ. ಆ ಹೊತ್ತಿಗೆ ಸರಿಯಾಗಿ ಅತ್ತೆ ಗಂಟು ಕಪ್ಪೆಮೀನಿನ ಹತ್ತಿರ ಹೋಗಿದ್ದರು. ಗಾಜಿಗೆ ಮೂಗು ತಾಗಿಸಿ ನೋಡಿದರು. ಎಡಕ್ಕೆ ಬಾಗಿ ನೋಡಿದರು, ಬಲಕ್ಕೆ ಬಾಗಿ ನೋಡಿದರು. ಅವರ ಮುಖದ ಮೇಲೂ ಗಾಜಿನೊಳಗಿನ ಮುಖದ ಮೇಲೂ ಒಂದೇ ಗಂಟು ಬಿಗಿಯಾಯಿತು.

“ಇದು ನಾನು!” ಎಂದು ಅತ್ತೆ ಚೀರಿದರು. “ಅಯ್ಯೋ, ಇದು ನನ್ನ ಮುಖ! ಹೆಂಡತಿ ಸತ್ತು ವರ್ಷ ತುಂಬಿಲ್ಲ, ಅತ್ತೇನ ಮೀನು ಮಾಡಿ ಪ್ರದರ್ಶನಕ್ಕಿಟ್ಟಿದೀರಲ್ಲ, ನಾನು ನಿಮಗೆ ಏನು ಅನ್ಯಾಯ ಮಾಡಿದ್ದೆ?”

“ಅಮ್ಮ, ಸುಮ್ನಿರು, ಅದು ಬರೀ ಮೀನು,” ಎನ್ನುತ್ತ ಹತ್ತಿರ ಬಂದ ಬಾಮೈದ ಪಕ್ಕದ ಕೆಂಪು ಮೀನನ್ನು ನೋಡಿದ. ಅವನ ಬಾಯಿ ಜೋತುಬಿದ್ದಿತು. ಮೀನಿನ ಬಾಯಿಯಂತೆಯೇ ಜೋತುಬಿದ್ದಿತು ಎಂದು ಬೇರೆ ಹೇಳಬೇಕಿಲ್ಲ. ಮೇಷ್ಟ್ರು ಪಟ್ಟೆ ಮೀನಿನ ಗೆರೆಗಳನ್ನು ಎಣಿಸುತ್ತ ನಡುವೆ ನಿಂತುಬಿಟ್ಟರು. ಸಾಹೇಬರು ನೇರಳೆ ಮೀನಿನ ಎದುರು ನಿಂತು, ತಮಗೇ ತಿಳಿಯದಂತೆ ಒಂದು ಕೈಯಿಂದ ಕಿವಿ ಮುಚ್ಚಿಕೊಂಡರು.

“ಪೇಂಟರ್,” ಎಂದರು. “ಏನಯ್ಯಾ ಇದೆಲ್ಲ?”

ಪೇಂಟರು ಸುತ್ತ ನೋಡಿದ. ಇಳಿಯಲು ಏಣಿಯೂ ಇರಲಿಲ್ಲ.

“ನಾನು ಸಮುದ್ರಾನೇ ನೋಡಿಲ್ಲ ಸಾರ್,” ಎಂದ. “ಮೀನನ್ನ ಮನೆಗೆ ತಗೊಂಡು ಹೋಗಿದ್ದೆ. ಸೊಪ್ಪಿನ ಕೆಳಗೆ. ಅವಳು ಮಲಗಿದ್ದಲ್ಲೇ ಇದಕ್ಕೆ ಇದು, ಅದಕ್ಕೆ ಅದು ಅಂತ ಹೇಳಿದ್ಲು. ಅತ್ತೆ, ನಿಮಗೆ ಅವಮಾನ ಮಾಡ್ಬೇಕು ಅಂತ ಅಲ್ಲ. ಹಳದಿ ಯಾಕೆ ಅಂದ್ರೆ, ಅಮ್ಮನ ಮುಖದ ಮೇಲೆ ಬೆಳಕು ಬೀಳಲಿ ಅಂದ್ಲು. ನಕ್ಕಳು ಅತ್ತೆ. ಎಷ್ಟು ನಕ್ಕಳು ಅಂದ್ರೆ, ನಾನು ಇನ್ನೇನು ಹುಷಾರಾಗಿಬಿಡ್ತಾಳೆ ಅಂದ್ಕೊಂಡೆ.”

ಅತ್ತೆಯ ಬಾಯಿ ಮುಚ್ಚಿತು. ಅವರು ಮತ್ತೆ ಹಳದಿ ಮೀನಿನ ಕಡೆ ತಿರುಗಿದರು. ಈ ಸಲ ಬಹಳ ಹೊತ್ತು ನೋಡಿ, “ಅವಳು ಹಂಗಂದ್ಲಾ?” ಎಂದು ಕೇಳಿದರು. ಆಮೇಲೆ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತು ಅಳತೊಡಗಿದರು.

ಅಳು ಕಂಡರೆ ಸಾಹೇಬರು ನಿಯಮದ ಮೊರೆ ಹೋಗುವವರು. “ನಿಯಮ ಮೀರಿದ್ದು ತಪ್ಪು. ಸುಳ್ಳು ಹೇಳಿದ್ದು ಇನ್ನೂ ತಪ್ಪು. ಎಲ್ಲಾ ಕೆರೆದು ಸರಿಯಾದ ಬಣ್ಣ ಬಳೀಬೇಕು. ಮೇಡಂ, ಸರಿಯಾದ ಬಣ್ಣ ಯಾವುದು ಅಂತ ನೀವೇ ಹೇಳ್ಬೇಕು.”

ಪೇಂಟರು ಕಪಾಟಿಗೆ ಅಡ್ಡ ನಿಂತ. ಅವನು ಯಾರಿಗೂ ಅಡ್ಡ ನಿಂತವನಲ್ಲ. ಹೇಗೆ ನಿಲ್ಲಬೇಕೆಂದೂ ಸರಿಯಾಗಿ ತಿಳಿಯದೆ ಒಂದು ಕೈ ಮೇಲೆ ಒಂದು ಕೈ ಕೆಳಗೆ ಹಿಡಿದು ನಿಂತ.

ತಜ್ಞೆ ಕಣ್ಣೊರೆಸಿಕೊಂಡರು. ನಕ್ಕು ನೀರು ಬಂದದ್ದೋ ಬೇರೆಯದೋ ತಿಳಿಯಲಿಲ್ಲ. “ಸರಿಯಾದ ಬಣ್ಣ ಅಂತ ಇಲ್ಲ ಸಾರ್. ಈ ಕುಲದ ಮೀನು ಎಲ್ಲಿ ಕೂರುತ್ತೋ ಆ ಜಾಗದ ಬಣ್ಣ ತಗೊಳ್ಳುತ್ತೆ. ಹಳದಿಯದರ ಪಕ್ಕ ಕೂತ್ರೆ ಹಳದಿ. ಅಲ್ಲಿಂದ ಎದ್ದು ಬೇರೆ ಕಡೆ ಕೂತ್ರೆ ಕೆಲವು ವಾರಕ್ಕೆ ಆ ಬಣ್ಣ. ಬಣ್ಣ ನೋಡಿ ಯಾವ ಪ್ರಭೇದ ಅಂತ ಹೇಳೋಕೆ ನನಗೇ ಆಗಲ್ಲ. ಇವರ ಮನೆಯವರು ಬಳಿಸಿದ್ದು ತಪ್ಪು ಅಂತ ಯಾರೂ ಹೇಳೋ ಹಾಗಿಲ್ಲ.”

“ಹಂಗಾದ್ರೆ ಇಷ್ಟು ದಿನ ಮೀನು ನೋಡಿದೀನಿ ಅಂತ ಇವನು ಹೇಳಿದ್ದು?”

“ಅದು ಶುದ್ಧ ಸುಳ್ಳು,” ಎಂದರು ತಜ್ಞೆ. “ಬಣ್ಣ ಮಾತ್ರ ಇರಲಿ.” ಕಪಾಟಿನ ಗಾಜು ಸರಿಸಿ, ಮೂಲೆಯ ಬಟ್ಟೆ ಎತ್ತಿ ನೋಡಿ ಕೇಳಿದರು, “ಇದ್ಯಾಕೆ ಹೀಗಿದೆ?”

ಬರೀ ಪ್ಲಾಸ್ಟರಿನ ಪುಟ್ಟ ಕುಬ್ಜ ಮೀನು ಎಲ್ಲರ ಎದುರು ಬೆತ್ತಲೆಯಾಗಿ ಕೂತಿತು.

“ಅದು ಅವಳು,” ಎಂದ ಪೇಂಟರು. “ನಾಳೆ ಹೇಳ್ತೀನಿ ಅಂದಿದ್ಲು.”

ಸಾಹೇಬರು ಕೋಟಿನ ಗುಂಡಿ ಹಾಕಿದರು, ಬಿಚ್ಚಿದರು. ಕೊನೆಗೆ ತಾವೇ ಕಪಾಟಿಗೆ ಕೈಹಾಕಿ, ಕುಬ್ಜವನ್ನು ಹಳೆಯ ಪೇಪರಿನಲ್ಲಿ ಸುತ್ತಿ ಅವನ ಕೈಗಿಟ್ಟರು. “ಮನೆಗೆ ತಗೊಂಡು ಹೋಗು. ಕಾವಲುಗಾರನಿಗೆ ನಾನು ಹೇಳ್ತೀನಿ. ಸೊಪ್ಪು ಗಿಪ್ಪು ಬೇಡ. ಮುಗಿಸ್ಕೊಂಡು ಬಾ.”

ಮುಗಿಸಿಕೊಂಡು ಬಾ ಎನ್ನುವುದು ಸುಲಭ. ಮನೆಗೆ ಅವನ ಹಿಂದೆಯೇ ಅತ್ತೆ, ಬಾಮೈದ, ಮೇಷ್ಟ್ರು ಮೂವರೂ ಬಂದರು. ಹಾಸಿಗೆಯ ಮೇಲೆ ಮೀನನ್ನು ಕೂರಿಸಿ, ಸುತ್ತ ಕೂತು, ಪಂಚಾಯಿತಿ ಶುರುವಾಯಿತು.

“ಕೆಂಪು,” ಎಂದರು ಅತ್ತೆ. “ಚಿಕ್ಕೋಳಿದ್ದಾಗ ಕೆಂಪು ರಿಬ್ಬನ್ ಬೇಕು ಅಂತ ಅತ್ತಿದ್ಲು.”

“ಅತ್ತಿದ್ದು ನಾನಮ್ಮ,” ಎಂದ ಬಾಮೈದ. “ಅಕ್ಕನಿಗೆ ಹಸಿರು ಇಷ್ಟ.”

“ಹಸಿರು ನಿನಗಿಷ್ಟ. ಅದಕ್ಕೇ ಅವಳು ನಿನಗೆ ಹಸಿರು ಅಂಗಿ ಹೊಲಿದು ಕೊಟ್ಟಿದ್ದು.”

“ಸ್ವಭಾವ ನೋಡಿದ್ರೆ ನೀಲಿ,” ಎಂದರು ಮೇಷ್ಟ್ರು. “ಶಾಂತ ಹೆಣ್ಣುಮಗಳು.”

“ಶಾಂತ? ನನ್ನನ್ನ ಮೀನು ಮಾಡಿದೋಳು ಶಾಂತ?”

ಮಾತಿಗೆ ಮಾತು ಬೆಳೆಯಿತು. ಬಾಮೈದ ಎದ್ದು ನಿಂತ, ಮೇಷ್ಟ್ರು ಚಪ್ಪಲಿ ಮೆಟ್ಟಿ ಮತ್ತೆ ಬಿಟ್ಟರು. ಅವಳ ಬಟ್ಟೆಯೇ ಹೇಳಲಿ ಎಂದು ಅತ್ತೆ ಪೆಟ್ಟಿಗೆ ತೆರೆದರು. ಒಂದೊಂದೇ ಹೊರತೆಗೆದು ಹರಡಿದರು. ಒಂದರ ತೋಳು ಒಂದು ಬಣ್ಣ, ಬೆನ್ನು ಇನ್ನೊಂದು ಬಣ್ಣ. ಒಂದರ ಅಂಚು ಮೇಷ್ಟ್ರ ಹೆಂಡತಿಯ ಬಟ್ಟೆಯದು, ಇನ್ನೊಂದರ ಜೇಬು ಎದುರು ಮನೆಯ ಪರದೆಯದು. ಬೀದಿಯವರಿಗೆಲ್ಲ ಹೊಲಿದು ಉಳಿದ ತುಂಡುಗಳನ್ನು ಜೋಡಿಸಿ ಅವಳು ತನಗೆ ಹೊಲಿದುಕೊಂಡಿದ್ದಳು. ಪೆಟ್ಟಿಗೆಯ ತಳದವರೆಗೂ ಅವಳೇ ಆರಿಸಿ ಕೊಂಡ ಒಂದು ಬಟ್ಟೆ ಇರಲಿಲ್ಲ. ಪಂಚಾಯಿತಿ ತಣ್ಣಗಾಯಿತು.

“ನೀವು ಹೇಳಿ,” ಎಂದರು ಅತ್ತೆ ಅಳಿಯನಿಗೆ. “ಗಂಡ ನೀವು. ನಿಮಗೆ ಗೊತ್ತಿರುತ್ತೆ.”

ಪೇಂಟರು ಮೀನನ್ನೇ ನೋಡುತ್ತಿದ್ದ. “ನಂಗೊತ್ತಿಲ್ಲ ಅತ್ತೆ,” ಎಂದ. “ಜೀವನವೆಲ್ಲ ಬಣ್ಣದಲ್ಲೇ ಕೈ ಅದ್ದಿದೀನಿ. ಊರೋರನ್ನೆಲ್ಲ ಯಾವ ಬಣ್ಣ ಬೇಕು ಅಂತ ಕೇಳಿದೀನಿ. ಅವಳನ್ನ ಕೇಳ್ಲೇ ಇಲ್ಲ.” ಇಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತ. ಅವಳು ಹೋದ ದಿನ ಅತ್ತಿರಲಿಲ್ಲ. ಅಂದು ಬಂದವರಿಗೆ ಕುರ್ಚಿ ಸಾಲದೆ ಅಕ್ಕಪಕ್ಕದಿಂದ ತರುವುದರಲ್ಲೇ ಹೊತ್ತು ಹೋಗಿತ್ತು.

ಅತ್ತೆ ಮೆಲ್ಲಗೆ ಹಾಸಿಗೆಯ ಮೇಲೆ ಒರಗಿದರು. “ಇಲ್ಲೇ ಅಲ್ವಾ ಮಲಗ್ತಿದ್ದಿದ್ದು?”

“ಇಲ್ಲೇ. ಗೋಡೆ ಕಡೆ ಮುಖ ಮಾಡ್ಕೊಂಡು. ಆ ಕಡೆ ತಿರುಗಿದ್ರೆ ನೋವು ಕಮ್ಮಿ ಅಂತಿದ್ಲು.”

ಅತ್ತೆ ಗೋಡೆಯ ಕಡೆ ತಿರುಗಿದರು. ಪೇಂಟರ ಮನೆಯ ಗೋಡೆ ಎಂದು ಯಾರೂ ನಂಬುವಂತಿರಲಿಲ್ಲ. ಯಾವ ಕಾಲದಲ್ಲೋ ಬಳಿದ ಸುಣ್ಣ ಮಾಸಿ, ಬಿಳಿಯೂ ಅಲ್ಲದ ಹಳದಿಯೂ ಅಲ್ಲದ ಬಣ್ಣಕ್ಕೆ ಬಂದಿತ್ತು. ಕಿಟಕಿಯ ಬೆಳಕು ಬೀಳುವಲ್ಲಿ ಸ್ವಲ್ಪ ತಿಳಿ, ಕೈ ತಾಗುವಲ್ಲಿ ಸ್ವಲ್ಪ ಕಪ್ಪು. ಚಕ್ಕೆ ಎದ್ದ ಕಡೆ ಹಿಂದಿನ ಯಾವುದೋ ಹಸಿರು ಉಗುರಿನಷ್ಟು ಇಣುಕುತ್ತಿತ್ತು. ಅವಳ ಕೊನೆಯ ದಿನಗಳೆಲ್ಲ ಇದನ್ನು ನೋಡುತ್ತ ಕಳೆದಿದ್ದವು.

ಪೇಂಟರು ಎದ್ದು ಬಣ್ಣದ ಡಬ್ಬಿಗಳನ್ನು ತಂದು ನೆಲದ ಮೇಲೆ ಕೂತ. ಒಂದು ತಟ್ಟೆಯಲ್ಲಿ ಬಿಳಿಗೆ ಚಿಟಿಕೆ ಹಳದಿ, ಒಂದು ಹನಿ ಕಪ್ಪು ಕಲಸಿ, ಕುಂಚದ ತುದಿಯನ್ನು ಗೋಡೆಯ ಪಕ್ಕ ಹಿಡಿದು ನೋಡಿದ.

“ಏನು ಮಾಡ್ತಿದೀರಾ ಭಾವ?” ಎಂದ ಬಾಮೈದ.

“ಮೇಡಂ ಹೇಳ್ಲಿಲ್ವಾ, ಕೂತ ಜಾಗದ ಬಣ್ಣ ಅಂತ.”

ಬಾಮೈದ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿ, ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ನಿಂತ. ಅತ್ತೆ ಮಲಗಿದಲ್ಲಿಂದಲೇ ಗೋಡೆಯನ್ನೂ ತಟ್ಟೆಯನ್ನೂ ನೋಡುತ್ತ, “ಇನ್ನೂ ಸ್ವಲ್ಪ ಮಾಸಲು,” ಎಂದರು. “ಈಗ ಜಾಸ್ತಿ ಆಯ್ತು. ಹಾಂ, ಹಂಗೇ.” ಮೇಷ್ಟ್ರು ತಟ್ಟೆ ಹಿಡಿದು ಕೂತರು. ಉಗುರಿನಷ್ಟು ಹಸಿರನ್ನು ಪೇಂಟರು ಮೀನಿನ ಬೆನ್ನ ಮೇಲೆ ಒಂದೇ ಕಡೆ ಇಟ್ಟ. ಬಣ್ಣ ಸಂಜೆಯೊಳಗೆ ಒಣಗಿತು.

ಈಗ ಆರೂ ಮೀನುಗಳು ಕಪಾಟಿನಲ್ಲಿವೆ. ಅತ್ತೆ ವಾರಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಾರೆ. ಹಳದಿ ಮೀನಿನ ಕಡೆ ತಿರುಗಿಯೂ ನೋಡದೆ ಮೂಲೆಗೆ ಹೋಗಿ ನಿಲ್ಲುತ್ತಾರೆ. ಪೇಂಟರು ಎಲ್ಲಿದ್ದರೂ ಆ ಹೊತ್ತಿಗೆ ಕುಂಚ ಕೆಳಗಿಟ್ಟು ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಜನ ಬರುತ್ತಾರೆ, ಕೆಂಪು ಮೀನನ್ನು ನೋಡಿ ಹೋ ಎನ್ನುತ್ತಾರೆ, ನೇರಳೆಯದನ್ನು ನೋಡಿ ನಗುತ್ತಾರೆ, ಚುಕ್ಕೆ ಮೀನಿನ ಫೋಟೋ ತೆಗೆದುಕೊಳ್ಳುತ್ತಾರೆ. ಆರನೆಯದರ ಮುಂದೆ ಯಾರೂ ನಿಲ್ಲುವುದಿಲ್ಲ.

ಮೊನ್ನೆ ಒಬ್ಬ ದಪ್ಪನೆಯ ಮನುಷ್ಯ ಹೆಂಡತಿಯ ಜೊತೆ ಬಂದಿದ್ದ. ಐದನ್ನೂ ನೋಡಿ ಮುಂದೆ ಬಂದು, “ನೋಡೇ ಇಲ್ಲಿ, ಇದಕ್ಕೆ ಬಣ್ಣ ಹಾಕೋದೇ ಮರೆತಿದ್ದಾರೆ,” ಎಂದು ನಕ್ಕ.

ಪೇಂಟರು ತಲೆ ತಗ್ಗಿಸಿದ. ಅತ್ತೆ ಸರ್ರನೆ ತಿರುಗಿದರು. ಮುಖದ ಮೇಲೆ ಆ ಹಳೆಯ ಗಂಟು.

“ಮರೆತಿಲ್ಲಪ್ಪ,” ಎಂದರು. “ಹತ್ರ ಬಂದು ನೋಡು.”

ಆ ಮನುಷ್ಯ ಗಾಬರಿಯಾಗಿ ಹತ್ತಿರ ಬಂದ, ಬಗ್ಗಿದ, ಕಣ್ಣು ಕಿರಿದು ಮಾಡಿ ನೋಡಿದ. “ಹೌದಲ್ಲಾ,” ಎಂದ ಸ್ವಲ್ಪ ಹೊತ್ತಿನ ಮೇಲೆ. “ಬಣ್ಣ ಇದೆ. ಇಲ್ಲೊಂಚೂರು ಹಸಿರೂ ಇದೆ.” ಹೆಂಡತಿಯ ಕೈ ಹಿಡಿದು ಅವಳನ್ನೂ ಬಗ್ಗಿಸಿ ತೋರಿಸಿದ.

ಅತ್ತೆ ಅವರಿಬ್ಬರಿಗೂ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಪೇಂಟರು ಅತ್ತೆಯ ಕೈಚೀಲ ಎತ್ತಿಕೊಂಡು, ಬಸ್ಸಿನ ಹೊತ್ತಾಯಿತೆಂದು ಅವರನ್ನು ಬಾಗಿಲ ಕಡೆ ನಡೆಸಿಕೊಂಡು ಹೋದ.